ಅಂಟಿಕೊಂಡವು!

ಬೆಳಿಗ್ಗೆ ಇನ್‌ಕ್ಯುಬೇಟರ್‌ನಿಂದ ಪ್ಲೇಟ್ ತೆಗೆದು ಮೈಕ್ರೋಸ್ಕೋಪ್ ಕೆಳಗಿಟ್ಟೆ. ಬರೀ ಪೆಗ್ ಜೆಲ್ (ಪಾಲಿಎಥಿಲೀನ್ ಗ್ಲೈಕಾಲ್ ಅನ್ನೋ ಪಾಲಿಮರ್‌ನ ಜೆಲ್) ಇದ್ದ ಕಡೆ ಜೀವಕೋಶಗಳು ಸಾಸಿವೆ ಕಾಳಿನಂತೆ ಗುಂಡಗೆ ಕೂತಿದ್ದವು. ಪ್ಲೇಟ್ ಸ್ವಲ್ಪ ಅಲುಗಿದರೆ ಸಾಕು, ತೇಲಿಹೋಗುತ್ತಿದ್ದವು. ಪಕ್ಕದಲ್ಲಿ ಅದೇ ಜೆಲ್, ಆದರೆ ಆರ್‌ಜಿಡಿ ಸೇರಿಸಿದ್ದು. ಅಲ್ಲಿ ಕಾವಲಿ ಮೇಲೆ ದೋಸೆ ಹಿಟ್ಟು ಹರಡಿದ ಹಾಗೆ ಚಪ್ಪಟೆಯಾಗಿ, ಕೈಕಾಲು ಚಾಚಿ ಗಟ್ಟಿಯಾಗಿ ಹಿಡಿದುಕೊಂಡಿದ್ದವು! ಎಷ್ಟು ಹೊತ್ತು ನೋಡುತ್ತಾ ಕೂತೆನೋ ಗೊತ್ತಿಲ್ಲ.

ಆರ್‌ಜಿಡಿ ಅಂದರೆ ಮೂರೇ ಮೂರು ಅಮೈನೋ ಆಮ್ಲ: ಆರ್ಜಿನಿನ್, ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ. ಫೈಬ್ರೊನೆಕ್ಟಿನ್ ಅನ್ನೋ ಅಷ್ಟು ದೊಡ್ಡ ಪ್ರೋಟೀನಿನಲ್ಲಿ ಕೋಶಗಳು ಗುರುತು ಹಿಡಿಯುವುದು ಈ ಪುಟ್ಟ ತುಣುಕನ್ನು ಅಂತ 1984ರಲ್ಲಿ ಪಿಯರ್ಶ್‌ಬಾಕರ್ ಮತ್ತು ರುವೊಸ್ಲಾಹ್ತಿ ಅನ್ನೋ ವಿಜ್ಞಾನಿಗಳು ತೋರಿಸಿದರು. ಕೋಶದ ಪೊರೆಯಲ್ಲಿರುವ ಇಂಟೆಗ್ರಿನ್ ಅನ್ನೋ ಪ್ರೋಟೀನುಗಳು ಇದನ್ನು ಹಿಡಿದುಕೊಳ್ಳುತ್ತವೆ. ಸುಮ್ನೆ ಸೇರಿಸಿದರೂ ಆಗಲ್ಲ. ಎರಡು ಆರ್‌ಜಿಡಿ ತುಣುಕುಗಳ ನಡುವಿನ ಅಂತರ ಸುಮಾರು 70 ನ್ಯಾನೋಮೀಟರ್‌ಗಿಂತ ಜಾಸ್ತಿಯಾದರೆ ಹಿಡಿತ ಸಡಿಲವಾಗುತ್ತದೆ.

ಹೀಗೆ ಅಂಟಿಕೊಂಡೇ ಬದುಕುವ ಕೋಶಗಳಿಗೆ ಊರಿಕೊಳ್ಳಲು ಜಾಗ ಸಿಗದಿದ್ದರೆ, ಊಟ ಇದ್ದರೂ ತಾವಾಗಿಯೇ ಸಾಯುತ್ತವೆ. ಅದಕ್ಕೆ ಅನೋಯ್ಕಿಸ್ ಅಂತ ಹೆಸರು. ಗ್ರೀಕ್‌ನಲ್ಲಿ ‘ಮನೆ ಇಲ್ಲದಿರುವುದು’ ಅಂತ ಅರ್ಥ. ಇದನ್ನು ಮೊದಲ ಸಲ ಓದಿದಾಗ ಹಾಸ್ಟೆಲ್‌ಗೆ ಬಂದ ಹೊಸದರ ದಿನಗಳು ನೆನಪಾಗಿದ್ದವು. ಮೆಸ್‌ನಲ್ಲಿ ಹೊಟ್ಟೆ ತುಂಬಾ ಊಟ ಇತ್ತು. ಆದರೂ ಪಕ್ಕದ ರೂಮಿನ ಅಕ್ಕ ‘ಬಾರೇ, ಕಾಫಿ ಕುಡಿಯೋಣ’ ಅಂದ ಮೇಲೆಯೇ ನನಗೆ ಅಲ್ಲಿ ಕಾಲು ನಿಂತಿದ್ದು.

ಈಗ ಮೀಡಿಯಾ (ಕೋಶಗಳಿಗೆ ಊಟ ಕೊಡುವ ದ್ರಾವಣ) ಬದಲಾಯಿಸಿ ಪ್ಲೇಟ್ ಒಳಗಿಟ್ಟು ಬಂದೆ. ನಾಳೆ ಮತ್ತೆ ನೋಡಬೇಕು.