ನಾಲ್ಕು ವರ್ಷ ಮೊದಲೇ ಎದ್ದುಹೋದ ಕ್ಯಾಷಿಯರ್

2019ರ ಆಗಸ್ಟ್‌ನ ಒಂದು ಸಂಜೆ. ನಗದು ತಾಳೆಯಾಗಿ, ಸ್ಟ್ರಾಂಗ್ ರೂಮಿಗೆ ಬೀಗ ಬಿದ್ದ ಮೇಲೆ ನಮ್ಮ ಬ್ಯಾಂಕ್ ಶಾಖೆಯ ಹಿರಿಯ ಕ್ಯಾಷಿಯರ್ ನನ್ನ ಮೇಜಿನ ಮೇಲೆ ಒಂದು ಲಕೋಟೆ ಇಟ್ಟರು. ಒಳಗಿದ್ದದ್ದು ಸ್ವಯಂ ನಿವೃತ್ತಿಯ ಅರ್ಜಿ. ಕಾರಣದ ಸಾಲಿನಲ್ಲಿ ‘ವೈಯಕ್ತಿಕ’ ಎಂದಷ್ಟೇ ಇತ್ತು. ಅವರಿಗೆ ಆಗ 56 ವರ್ಷ, ಸೇವೆ 31 ವರ್ಷ.

“ಇನ್ನು ನಾಲ್ಕೇ ವರ್ಷ ಸಾರ್, ಒಮ್ಮೆ ಯೋಚಿಸಿ” ಎಂದೆ.

“ಯೋಚಿಸಿಯೇ ಬರೆದಿದ್ದೇನೆ ಮೇಡಂ.”

ಮರುದಿನವೇ ಅರ್ಜಿಯನ್ನು ಪ್ರಾದೇಶಿಕ ಕಚೇರಿಗೆ ಕಳುಹಿಸಿದೆ. ವಯಸ್ಸಾಯಿತು, ದಣಿದಿದ್ದಾರೆ, ವಿಶ್ರಾಂತಿ ಬಯಸುತ್ತಿದ್ದಾರೆ ಎಂದುಕೊಂಡೆ. ವ್ಯವಸ್ಥಾಪಕಿಯಾಗಿ ನಾನು ಮಾಡಿದ ತಪ್ಪುಗಳಲ್ಲಿ ಇದನ್ನು ಮೊದಲು ಹೇಳಬೇಕು.

ಅವರು ಹೋಗಿ ಐದಾರು ತಿಂಗಳಾಗಿರಬೇಕು, ಸಾಲ ವಸೂಲಿಗೆಂದು ಕೊಬ್ಬರಿ ಮಂಡಿಗೆ ಹೋದಾಗ ಒಬ್ಬ ವ್ಯಾಪಾರಿಯ ಗದ್ದಿಗೆಯ ಪಕ್ಕದಲ್ಲಿ ಅವರನ್ನು ಕಂಡೆ. ಲೆಕ್ಕ ಬರೆಯುತ್ತಿದ್ದರು. ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಅಲ್ಲೇ ಇರುತ್ತಾರಂತೆ. ನೋಟು ಎಣಿಸುವ ಬೆರಳುಗಳ ವೇಗ ಮೊದಲಿನಂತೆಯೇ ಇತ್ತು. ಮುಖದಲ್ಲಿ ಗೆಲುವಿತ್ತು. ಕೆಲಸ ಸಾಕಾಗಿ ಹೋದವರಲ್ಲ ಇವರು ಎಂದು ಆ ಕ್ಷಣ ಅರ್ಥವಾಯಿತು.

ಕೇಳಿದ್ದಕ್ಕೆ ನಿಧಾನವಾಗಿ ಹೇಳಿದರು. ಆ ವರ್ಷ ಎರಡು ಬಾರಿ ನಗದು ಕಡಿಮೆ ಬಂದು ಕೈಯಿಂದ ತುಂಬಿದ್ದರು. ಅದು ಕ್ಯಾಷಿಯರಿಗೆ ಹೊಸದಲ್ಲ, ಅದಕ್ಕಾಗಿ ಯಾರೂ ಬಿಡುವುದಿಲ್ಲ. ನೋಟು ರದ್ದತಿಯ ದಿನಗಳಲ್ಲಿ, 2016ರ ನವೆಂಬರಿನಲ್ಲಿ, ರಾತ್ರಿಯವರೆಗೆ ಎಣಿಸಿದ ಮನುಷ್ಯ ಅವರು. ಅವರನ್ನು ಕುಗ್ಗಿಸಿದ್ದು ಬೇರೆ. ಸಾಲಿನಲ್ಲಿ ಮೂವತ್ತು ಜನ ನಿಂತಿರುವಾಗ ನಾನು ಕೌಂಟರಿಗೆ ಬಂದು, “ಸಾರ್, ಇವತ್ತು ಒಂದಾದರೂ ವಿಮೆ ಪಾಲಿಸಿ ಮಾಡಿಸಿ” ಎಂದಿದ್ದೆ. ಗ್ರಾಹಕರ ಎದುರಿಗೆ, ಹಲವು ಬಾರಿ. ಮೇಲಿನಿಂದ ನನಗೆ ಬಂದ ಫೋನನ್ನು ಹಾಗೆಯೇ ಅವರ ತಲೆಗೆ ದಾಟಿಸಿದ್ದೆ. “ನೋಟು ಎಣಿಸಲೋ, ಪಾಲಿಸಿ ಮಾರಲೋ ತಿಳಿಯದೆ ಕೈ ನಡುಗುತ್ತಿತ್ತು ಮೇಡಂ” ಎಂದರು. ನನಗೆ ಮಾತು ಹೊರಡಲಿಲ್ಲ.

ಅಮೆರಿಕದ ಸಮಾಜವಿಜ್ಞಾನಿ ರಾಬರ್ಟ್ ಕರಾಸೆಕ್ 1979ರಲ್ಲೇ ಈ ಸ್ಥಿತಿಯನ್ನು ವಿವರಿಸಿದ್ದರು: ಕೆಲಸದ ಹೊರೆ ಹೆಚ್ಚು, ಆ ಕೆಲಸದ ಮೇಲೆ ಮಾಡುವವನ ಹಿಡಿತ ಕಡಿಮೆ. ಇವೆರಡೂ ಒಟ್ಟಿಗೆ ಸೇರಿದಾಗ ಒತ್ತಡ ದೇಹಕ್ಕೆ ಇಳಿಯುತ್ತದೆ. ಫಿನ್ಲೆಂಡಿನಲ್ಲಿ 1981ರಿಂದ ಹನ್ನೊಂದು ವರ್ಷ ನಗರಸಭೆಗಳ ಹಿರಿಯ ನೌಕರರನ್ನು ಗಮನಿಸಿದ ಅಧ್ಯಯನದಲ್ಲಿ, ವಯಸ್ಸಾದಂತೆ ದುಡಿಯುವ ಶಕ್ತಿ ಹೆಚ್ಚಿದವರೂ ಕಂಡುಬಂದರು. ಅದಕ್ಕೆ ಜೊತೆಯಾಗಿದ್ದ ಕಾರಣಗಳಲ್ಲಿ ಮೇಲಧಿಕಾರಿಯ ನಡವಳಿಕೆ ಸುಧಾರಿಸಿದ್ದೂ ಒಂದು. ಅದನ್ನು ಓದಿದ ದಿನ ಮಂಡಿಯಲ್ಲಿ ಕೂತಿದ್ದ ಅವರೇ ಕಣ್ಣ ಮುಂದೆ ಬಂದರು.

ಬ್ಯಾಂಕಿನಲ್ಲಿ ಹೊರಹೋಗುವ ಬಾಗಿಲು ಎಲ್ಲರಿಗೂ ಒಂದೇ ಅಳತೆಯದಲ್ಲ. 1995ರ ಪಿಂಚಣಿ ನಿಯಮದಡಿ ಇರುವವರು 20 ವರ್ಷ ಸೇವೆ ಮುಗಿಸಿದ್ದರೆ ಮೂರು ತಿಂಗಳ ನೋಟಿಸ್ ಕೊಟ್ಟು ಹೋಗಬಹುದು. ಪೂರ್ಣ ಪಿಂಚಣಿಗೆ 33 ವರ್ಷ ಬೇಕು, ಆದರೆ ಸ್ವಯಂ ನಿವೃತ್ತಿಯಲ್ಲಿ ಐದು ವರ್ಷದವರೆಗೆ ಸೇವೆ ಸೇರಿಸಿ ಲೆಕ್ಕ ಹಾಕುತ್ತಾರೆ. ನಮ್ಮ ಕ್ಯಾಷಿಯರಿಗೆ ಹಾಗೆ 33 ತುಂಬಿತು. 2010ರ ಏಪ್ರಿಲ್ 1ರಂದು ಅಥವಾ ಆಮೇಲೆ ಸೇರಿದವರಿಗೆ ಈ ಬಾಗಿಲಿಲ್ಲ. ಮನೆಸಾಲ, ಮಕ್ಕಳ ಓದು, ಮದುವೆ ತಲೆಯ ಮೇಲಿರುವ ಹಿರಿಯರಿಗೆ ಬಾಗಿಲಿದ್ದರೂ ದಾಟಲಾಗುವುದಿಲ್ಲ. ಅವರು ಹೋಗುವುದಿಲ್ಲ, ರಕ್ತದೊತ್ತಡದ ಮಾತ್ರೆ ನುಂಗಿ, ಅನಾರೋಗ್ಯ ರಜೆ ಹಾಕಿ, ಕುರ್ಚಿಯಲ್ಲೇ ಬಾಡುತ್ತಾರೆ. ಅಂಥವರ ವೃತ್ತಿ 60ರವರೆಗೂ ನಡೆಯಿತೆಂದು ಕಾಗದ ಹೇಳುತ್ತದೆ. ನಾನು ಅದನ್ನು ಒಪ್ಪುವುದಿಲ್ಲ.

2020ರಲ್ಲಿ ಸಾಲ ವಿಭಾಗದ 57 ವರ್ಷದ ಸಹೋದ್ಯೋಗಿಯೊಬ್ಬರು ಸೋಮವಾರಗಳಂದು ರಜೆ ಹಾಕತೊಡಗಿದರು. ಈ ಬಾರಿ ಲಕೋಟೆ ಬರುವವರೆಗೆ ಕಾಯಲಿಲ್ಲ. ಕೂರಿಸಿಕೊಂಡು ಕೇಳಿದೆ. ಕೆಲಸ ಕಡಿಮೆ ಮಾಡಿ ಎಂದು ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಅದನ್ನಲ್ಲ. “ಬೆಳೆ ಸಾಲದ ಕಡತ ಕೈಗೆತ್ತಿಕೊಂಡರೆ ಮುಗಿಸುವವರೆಗೆ ನನ್ನದೇ ಆಗಿರಲಿ. ನಡುವೆ ಎಬ್ಬಿಸಿ ಚಿನ್ನದ ಸಾಲದ ಕೌಂಟರಿಗೆ ಕಳುಹಿಸಬೇಡಿ” ಎಂದರು. ಹಾಗೆಯೇ ಮಾಡಿದೆ. ಗಣಕಯಂತ್ರದ ಪರದೆಯ ಅಕ್ಷರ ದೊಡ್ಡದು ಮಾಡಿಸಿದೆ. ಐದು ನಿಮಿಷದ ಕೆಲಸ, ವರ್ಷಗಟ್ಟಲೆ ಯಾರಿಗೂ ಹೊಳೆದಿರಲಿಲ್ಲ. ಗುರಿಯ ಬಗ್ಗೆ ಬರುವ ಫೋನುಗಳನ್ನು ನನ್ನ ಮೇಜಿನಲ್ಲೇ ನಿಲ್ಲಿಸಿದೆ. ಅದಕ್ಕಾಗಿ ಪರಿಶೀಲನಾ ಸಭೆಗಳಲ್ಲಿ ಬೈಸಿಕೊಂಡೆ, ಕೆಲವು ರಾತ್ರಿ ನಿದ್ದೆಗೆಟ್ಟೆ. ಒತ್ತಡ ಕರಗಿತು ಎಂದು ಹೇಳಲಾರೆ, ಅದು ನನ್ನವರೆಗೆ ಬಂದು ನಿಂತಿತು ಅಷ್ಟೆ. ನನ್ನ ಮೇಲಿನವರೂ ಅದನ್ನು ಸ್ವಲ್ಪ ತಡೆದಿದ್ದರೆ ಎಂದು ಇವತ್ತಿಗೂ ಅನ್ನಿಸುತ್ತದೆ.

ಸೋಮವಾರದ ರಜೆಗಳು ಎರಡು ಮೂರು ತಿಂಗಳಲ್ಲಿ ನಿಂತವು. ಅವರು 2023ರಲ್ಲಿ, 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾದರು. ಅಂದು ಮಧ್ಯಾಹ್ನ ಹಾರ, ಶಾಲು ಎಲ್ಲ ಸಿದ್ಧವಾಗಿದ್ದರೂ ಅವರು ಕುರ್ಚಿಯಿಂದ ಏಳಲಿಲ್ಲ. ಹೊಸದಾಗಿ ಸೇರಿದ ಹುಡುಗನಿಗೆ ಪಹಣಿಯ 11ನೆಯ ಅಂಕಣದಲ್ಲಿ ಋಣವನ್ನು ಹೇಗೆ ಓದಬೇಕು, ಹಳೆಯ ಸಾಲ ತೀರಿದ್ದರೂ ಅಲ್ಲಿ ಹೆಸರು ಏಕೆ ಉಳಿದಿರುತ್ತದೆ ಎಂದು ತೋರಿಸುತ್ತಿದ್ದರು. “ಇನ್ನೊಂದು ಕಡತ ಇದೆ ಮೇಡಂ, ಹತ್ತು ನಿಮಿಷ” ಎಂದರು. ನಾವೆಲ್ಲ ಕಾದೆವು.