ಕ್ಯೂರಿಂಗ್ ನೀರಿನಲ್ಲಿ ಸಿಕ್ಕ ಸಂಶೋಧನಾ ವಿಷಯ

ನಿರ್ಮಾಣ ನಿರ್ವಹಣೆಯಲ್ಲಿ ಎಂ.ಎಸ್ಸಿ. ಓದಲು 2023ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಬಂದಾಗ, ಪ್ರಬಂಧದ ವಿಷಯವನ್ನು ಬೆಂಗಳೂರಿನಲ್ಲೇ ನಿಶ್ಚಯಿಸಿಕೊಂಡು ಬಂದಿದ್ದೆ: ‘ಭಾರತದ ಕಾಮಗಾರಿಗಳಲ್ಲಿ ವಿಳಂಬಕ್ಕೆ ಕಾರಣಗಳು’. 2017ರಲ್ಲಿ ಆರಂಭವಾಗಿ, ನಾನು ಊರು ಬಿಡುವಾಗಲೂ ಮುಗಿಯದಿದ್ದ ಈಜಿಪುರ ಮೇಲ್ಸೇತುವೆಯ ಕಂಬಗಳ ಪಕ್ಕದಲ್ಲೇ ವರ್ಷಗಟ್ಟಲೆ ಓಡಾಡಿದ ನನಗೆ ಅದಕ್ಕಿಂತ ದೊಡ್ಡ ವಿಷಯ ಬೇರೊಂದು ಇದೆ ಎನ್ನಿಸಿರಲಿಲ್ಲ.

ಇಲ್ಲಿಯ ಎಂ.ಎಸ್ಸಿ. ಒಂದೇ ವರ್ಷದ್ದು. ಒಟ್ಟು 180 ಕ್ರೆಡಿಟ್‌ಗಳಲ್ಲಿ 60 ಪ್ರಬಂಧಕ್ಕೇ ಮೀಸಲು, ಆದರೆ ಅದಕ್ಕೆ ಸಿಗುವುದು ಬೇಸಿಗೆಯ ಮೂರು ತಿಂಗಳು ಮಾತ್ರ. ಮೊದಲ ಭೇಟಿಯಲ್ಲಿ ಮಾರ್ಗದರ್ಶಕರು ನನ್ನ ವಿಷಯದ ಮಹತ್ವವನ್ನು ಕೇಳಲೇ ಇಲ್ಲ. ಈ ಪ್ರಶ್ನೆಗೆ ಉತ್ತರ ಯಾರ ಬಳಿ ಇದೆ, ಅವರು ಅದನ್ನು ನಿನಗೆ ಕೊಡುತ್ತಾರೆಯೇ ಎಂದಷ್ಟೇ ಕೇಳಿದರು. ವ್ಯಾಜ್ಯದಲ್ಲಿರುವ ಕಾಮಗಾರಿಯ ಕಡತವನ್ನು ಯಾವ ಕಚೇರಿ ವಿದ್ಯಾರ್ಥಿನಿಯ ಕೈಗೆ ಕೊಟ್ಟೀತು? ಪ್ರಶ್ನಾವಳಿ ಹಂಚಿ, ಕಾರಣಗಳಿಗೆ ಒಂದು, ಎರಡು, ಮೂರು ಎಂದು ಸ್ಥಾನ ಕೊಡುವ ಅಧ್ಯಯನಗಳಂತೂ ಮಲೇಷ್ಯಾ, ಸೌದಿ ಅರೇಬಿಯಾ ಮೊದಲಾದ ದೇಶಗಳಲ್ಲಿ ಎಂದೋ ಆಗಿಹೋಗಿವೆ. ಸಹಪಾಠಿಗಳಲ್ಲಿ ಅನೇಕರು ಆರಿಸಿಕೊಂಡ ಬಿಐಎಂ (ಕಟ್ಟಡದ ಎಲ್ಲ ವಿವರಗಳನ್ನು ಒಂದೇ ಡಿಜಿಟಲ್ ಮಾದರಿಯಲ್ಲಿ ಇಡುವ ವಿಧಾನ) ಕಡೆಗೂ ಸ್ವಲ್ಪ ದಿನ ಮನಸ್ಸು ಹರಿಯಿತು. ಬ್ರಿಟನ್ನಿನ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಅದು 2016ರಿಂದಲೇ ಕಡ್ಡಾಯ; ಆದರೆ ನಾನು ಬಲ್ಲ ಸೈಟುಗಳಲ್ಲಿ ಅದರ ಹೆಸರನ್ನೂ ಯಾರೂ ಎತ್ತುವುದಿಲ್ಲ.

ಹೀಗಿರುವಾಗ 2024ರ ಮಾರ್ಚಿನ ಒಂದು ಭಾನುವಾರ ಸೋದರಮಾವ ವಿಡಿಯೋ ಕರೆ ಮಾಡಿದರು. ಅವರು ಕೆಂಗೇರಿ ಕಡೆ ಚಿಕ್ಕ ಮನೆಗಳನ್ನು ಕಟ್ಟಿಸುವ ಗುತ್ತಿಗೆದಾರರು. ಆ ತಿಂಗಳು ಜಲಮಂಡಳಿ ಕಟ್ಟಡದ ಕೆಲಸಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತ್ತು. ಮಾವನ ಸೈಟಿನ ಕೊಳವೆಬಾವಿ ಅದಕ್ಕೂ ಮೊದಲೇ ಬತ್ತಿತ್ತು. ಅವರು ಫೋನನ್ನು ಕೆಳಗೆ ಹಿಡಿದು, ಹೊಸದಾಗಿ ಮೋಲ್ಡ್, ಅಂದರೆ ಕಾಂಕ್ರೀಟು, ಹಾಕಿದ್ದ ತಾರಸಿ ತೋರಿಸಿದರು. ಹೊಸ ಕಾಂಕ್ರೀಟು ಗಟ್ಟಿಯಾಗಲೆಂದು ಅದನ್ನು ದಿನಗಟ್ಟಲೆ ಒದ್ದೆಯಾಗಿ ಇಡುವುದೇ ಕ್ಯೂರಿಂಗ್; ಅದಕ್ಕೆಂದು ಗಾರೆಯಿಂದ ಕಟ್ಟಿದ ಪಾತಿಗಳಲ್ಲಿ ನೀರು ಇಂಗಿ ಅಂಚಿನಲ್ಲಿ ಬಿಳಿಯ ಗೆರೆಯಷ್ಟೇ ಉಳಿದಿತ್ತು. ಕಂಬಗಳಿಗೆ ಸುತ್ತಿದ್ದ ಗೋಣಿತಾಟು ಒಣಗಿ ಸೆಟೆದು ನಿಂತಿತ್ತು. “ಮೋಲ್ಡ್ ಹಾಕಿ ಮೂರು ದಿನ ಆಯ್ತು ಕಣೇ. ಎಸ್‌ಟಿಪಿ ನೀರು, ಅದೇ ಚರಂಡಿ ನೀರನ್ನ ಶುದ್ಧ ಮಾಡಿದ್ದು, ತರಿಸು ಅಂತಾರೆ, ಅದನ್ನ ಹಾಕಿದ್ರೆ ಕಂಬಿ ತುಕ್ಕು ಹಿಡಿಯಲ್ವಾ? ನೀನು ಓದ್ತಿರೋದು ಇದೇ ತಾನೆ, ಹೇಳು” ಎಂದರು.

ಕಾಂಕ್ರೀಟು ಕೆಲಸಕ್ಕೆ ಭಾರತದ ಮಾನಕ ಸಂಹಿತೆಯಾದ ಐಎಸ್ 456 ತೆರೆದು ನೋಡಿದೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ ಕ್ಯೂರಿಂಗ್, ಹಾರುಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ, ಸಾಧ್ಯವಾದರೆ 14. ಕಾಂಕ್ರೀಟು ಕಲೆಸುವ ನೀರಿನ ಪಿಎಚ್ 6ಕ್ಕಿಂತ ಕಡಿಮೆ ಇರಬಾರದು, ಕಂಬಿ ಇರುವಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು, ಕ್ಯೂರಿಂಗಿಗೂ ಅಂಥ ನೀರು ಸಾಕು. ನೀರಿನ ಪರೀಕ್ಷಾ ವರದಿ ಕೇಳಿ ತರಿಸಿಕೊಳ್ಳಿ ಎಂದು ಮಾವನಿಗೆ ಹೇಳಿದೆ. ಆದರೆ ರಾತ್ರಿಯೆಲ್ಲ ನನ್ನನ್ನು ಕಾಡಿದ ಪ್ರಶ್ನೆ ರಸಾಯನಶಾಸ್ತ್ರದ್ದಲ್ಲ. ಚದರಡಿ ಲೆಕ್ಕದ ಗುತ್ತಿಗೆಯಲ್ಲಿ ಟ್ಯಾಂಕರಿನ ಹಣ ಮನೆಯ ಯಜಮಾನರದೋ ಗುತ್ತಿಗೆದಾರರದೋ, ನೀರು ಸಿಗದಿದ್ದಾಗ ಕ್ಯೂರಿಂಗ್ ದಿನಗಳನ್ನು ಕಡಿತ ಮಾಡುವ ನಿರ್ಧಾರ ಯಾರದು, ಮುಂದಿನ ಮೋಲ್ಡ್ ಎಷ್ಟು ದಿನ ಮುಂದಕ್ಕೆ ಹೋಯಿತು ಎಂಬುವು ಅಪ್ಪಟ ನಿರ್ವಹಣೆಯ ಪ್ರಶ್ನೆಗಳು, ಮತ್ತು ಅವುಗಳಿಗೆ ಉತ್ತರ ಇದ್ದದ್ದು ನನ್ನ ಮಾತೃಭಾಷೆಯಲ್ಲೇ ಮಾತನಾಡುವ ಜನರ ಬಳಿ. ನಗರದ ಪಶ್ಚಿಮ ಭಾಗ, ಮೂರು ಮಹಡಿಯವರೆಗಿನ ಮನೆಗಳು, ಆ ಒಂದೇ ಬೇಸಿಗೆ, ಹನ್ನೆರಡು ಮಂದಿ ಮೇಸ್ತ್ರಿಗಳು ಹಾಗೂ ಗುತ್ತಿಗೆದಾರರು: ಇಷ್ಟಕ್ಕೆ ವಿಷಯವನ್ನು ಕಿರಿದು ಮಾಡಿದಾಗ ಮಾರ್ಗದರ್ಶಕರು ಒಪ್ಪಿದರು.

ಸಂಶೋಧನೆಯಿಂದ ಯಾರಿಗೂ ತೊಂದರೆಯಾಗದಂತೆ ನೋಡಿಕೊಳ್ಳುವ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಅನುಮತಿ ಸಿಗುವವರೆಗೆ ಒಬ್ಬರನ್ನೂ ಏನನ್ನೂ ಕೇಳುವಂತಿಲ್ಲ. ಊರಿನಿಂದ ಬರುವವರು ಆ ವಾರಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ನನ್ನ ಅರ್ಜಿಯಲ್ಲಿ ಎರಡು ತೊಡಕುಗಳಿದ್ದವು. ಕುಡಿಯುವ ಕಾವೇರಿ ನೀರನ್ನೇ ಬಳಸಿದೆ ಎಂದು ಒಪ್ಪಿಕೊಳ್ಳುವವರು ದಂಡದ ತಪ್ಪನ್ನು ಒಪ್ಪಿಕೊಂಡಂತಾಗುತ್ತದೆ, ಆದ್ದರಿಂದ ಹೆಸರು, ಬಡಾವಣೆ ಎರಡನ್ನೂ ಬರೆಯಬಾರದು. ಇನ್ನು ನಮ್ಮ ಮೇಸ್ತ್ರಿಗಳಿಗೆ ಕಾಗದದ ಮೇಲೆ ಸಹಿ ಎಂದರೆ ಸಾಲ ಇಲ್ಲವೇ ಲೆಕ್ಕ. ಸಹಿ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅದನ್ನು ವಿವರಿಸಿ ಬರೆದ ಮೇಲೆ, ಕನ್ನಡದಲ್ಲಿ ಓದಿ ಹೇಳಿ ಬಾಯಿಮಾತಿನ ಒಪ್ಪಿಗೆಯನ್ನು ಧ್ವನಿಮುದ್ರಿಸಿಕೊಳ್ಳಲು ಸಮಿತಿ ಸಮ್ಮತಿಸಿತು.

ಮಾವ ಬಂಧುವಾದ್ದರಿಂದ ಆ ಹನ್ನೆರಡು ಮಂದಿಯಲ್ಲಿ ಸೇರಲಿಲ್ಲ. ಆದರೆ ಜೂನಿನಲ್ಲಿ ಮನೆಗೆ ಹೋದಾಗ, ಟ್ಯಾಂಕರ್ ಬಂದ ದಿನಗಳನ್ನು ಗುರುತು ಹಾಕಿದ್ದ ತಮ್ಮ ಲೆಕ್ಕದ ಪುಸ್ತಕವನ್ನು ನನ್ನ ಮುಂದಿಟ್ಟರು. ಮೋಲ್ಡ್ ಹಾಕಿದ ಆರನೆಯ ದಿನದ ನಂತರ ಆ ಪುಟದಲ್ಲಿ ಗುರುತೇ ಇರಲಿಲ್ಲ. ಸಂದರ್ಶನದ ಮೊದಲ ಪ್ರಶ್ನೆಯನ್ನು ಅಲ್ಲೇ ಕುಳಿತು ಬರೆದುಕೊಂಡೆ: “ನೀರು ನಿಲ್ಲಿಸಿದ್ದು ಎಷ್ಟನೇ ದಿನ, ನಿಲ್ಲಿಸು ಅಂದವರು ಯಾರು?”