ಗಂಟಿನ ಕೆಳಗಿನ ಚಿಗುರು

ಧಾರವಾಡ, ಮೇ 4, 2025, ರವಿವಾರ ರಾತ್ರಿ

ಮಾಲಿ ಕಾಕಾ ಇವತ್ತು ಆಪೂಸ್ ಕಾಯಿ ಇಳಿಸಲಿಕ್ಕೆ ಬಂದಿದ್ದರು. ಕೆಲಸ ಮುಗಿಸಿ, ಚಹಾದ ವಾಟಗಾ ಹಿಡಿದು ನಾನು ಬೋನ್ಸಾಯ್ (ಕುಂಡದಲ್ಲೇ ಕುಳ್ಳಗೆ ಬೆಳೆಸುವ ಮರ) ಮಾಡಬೇಕೆಂದಿರುವ ಕೆಂಪೆಲೆ ಮೇಪಲ್ ಗಿಡದ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತರು. ಮಣ್ಣಿನಿಂದ ಮೂರು ಬೆರಳು ಮೇಲೆ, ಕಾಂಡದ ಸುತ್ತ ಹೆಬ್ಬೆರಳು ಆಡಿಸಿದರು.

“ಅಕ್ಕೋರ, ಇದು ಕಸಿ ಕಟ್ಟಿದ ಗಿಡಾರೀ.”

“ಹೆಂಗ ಗೊತ್ತಾತು ಕಾಕಾ?”

“ಗಂಟ ಐತಲ್ಲ ಇಲ್ಲೆ. ಮ್ಯಾಲಿನ ತೊಗಟಿ ಬ್ಯಾರೆ, ಕೆಳಗಿಂದು ಬ್ಯಾರೆ. ನಾವು ಮಾವಿಗೆ ಕಟ್ಟೂದಿಲ್ಲೇನು, ಹಂಗ. ಈ ಚಿಗರ ನೋಡ್ರಿ, ಗಂಟಿನ ಕೆಳಗಿಂದ ಬಂದೈತಿ. ಕಳ್ಳ ಚಿಗರ ಇದು. ಕತ್ತರಿ ಕೊಡ್ರಿ, ತಗದ ಬಿಡ್ತೇನಿ.”

ಕೊಡಲಿಲ್ಲ.

ಫೆಬ್ರುವರಿಯಲ್ಲಿ ಬುಡದಲ್ಲೊಂದು ಚಿಗುರು ಬಂತೆಂದು ನಾನು ಇಲ್ಲೇ ಫೋಟೋ ಹಾಕಿ ಹಿಗ್ಗಿದ್ದೆ, ಇದು ಅದೇ ಚಿಗುರು. ಮಾರಾಟಕ್ಕೆಂದು ಬೆಳೆಸಿದ ಗಿಡ ಉದ್ದಕ್ಕೆ ಏರಿರುತ್ತದೆ, ಬುಡ ಬೋಳು. ಬೋನ್ಸಾಯ್‌ಗೆ ಬೇಕಾದದ್ದು ಅದರ ಉಲ್ಟಾ: ಬುಡ ದಪ್ಪ, ಮೇಲೆ ಹೋದಂತೆ ಸಣ್ಣ, ಎತ್ತರ ಕಾಂಡದ ದಪ್ಪದ ಸುಮಾರು ಆರು ಪಟ್ಟು. ಹೀಗಾಗಿ ಕೆಳಗೊಂದು ಚಿಗುರು ಬಂತೆಂದರೆ ಅದರ ಮೇಲಕ್ಕೇ ಕಾಂಡ ಕತ್ತರಿಸಿ, ಚಿಗುರನ್ನೇ ಹೊಸ ಕಾಂಡ ಮಾಡುತ್ತಾರೆ. ಈ ಡಿಸೆಂಬರಿನಲ್ಲಿ ಕತ್ತರಿಸುವುದು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೆ. ಕತ್ತರಿಸಿದ್ದರೆ ಕೆಂಪು ಗಿಡ ಪೂರ್ತಿ ಹೋಗಿ, ಕೈಯಲ್ಲಿ ಉಳಿಯುತ್ತಿದ್ದದ್ದು ಬರೀ ಹಸಿರು ಬೇರುಗಿಡ, ಅಂದರೆ ಕಸಿಯ ಗಂಟಿನ ಕೆಳಗಿನ ಗಿಡ. ಆಗಿನಿಂದ ಎದೆಯೊಳಗೆ ಒಂಥರಾ ಆಗುತ್ತಿದೆ.

ಬಣ್ಣ ನೋಡಿಯಾದರೂ ತಿಳಿಯಬೇಕಿತ್ತು. ಆದರೆ ನಮ್ಮ ಬಿಸಿಲಿಗೆ ಮೇಲಿನ ಕೆಂಪೆಲೆಗಳೂ ತಾಮ್ರ ಬಣ್ಣಕ್ಕೆ ತಿರುಗಿ ಅರ್ಧ ಹಸಿರಾಗಿವೆ. ತುದಿ ಸುಟ್ಟಿದೆ. ಬೋರಿನ ಸವಳು ನೀರು ಬಿಟ್ಟು ಮಲಪ್ರಭಾ ನೀರು ಹಾಕಲು ಶುರು ಮಾಡಿದ ಮೇಲೆ ಸ್ವಲ್ಪ ಕಡಿಮೆ. ಆದರೂ ಒಣಗಾಳಿ ಬಿಡಬೇಕಲ್ಲ. ಮುಂಜಾನೆ ಒಂಬತ್ತರ ಮೇಲೆ ಹಸಿರು ನೆಟ್ಟಿನ ಕೆಳಗೇ ಇಡುತ್ತೇನೆ.

“ಥಂಡಿ ಊರಿನ ಗಿಡ ತಂದು ಇಲ್ಲಿ ಯಾಕ ಕಾಡಸ್ತೀರಿ ಅಕ್ಕೋರ? ಬಸರಿ ಹಚ್ಚ್ರಿ. ಗ್ವಾಡಿ ಮ್ಯಾಲೂ ಬರ್ತೈತಿ.”

ಕಾಕಾ ಹೇಳಿದ್ದು ಖರೆ. ಈ ಗಿಡಕ್ಕೆ ಎಲೆ ಉದುರಿಸಿ ಮಲಗಲಿಕ್ಕೆ ವಾರಗಟ್ಟಲೆ ಗಡಗಡ ನಡುಗುವ ಚಳಿ ಬೇಕು. ನಮ್ಮಲ್ಲಿ 14 ಡಿಗ್ರಿಗೆ ಇಳಿದರೆ ನಾವು ಕೌದಿ ಹೊದ್ದುಕೊಳ್ಳುತ್ತೇವೆ, ಅದು ಅರೆನಿದ್ದೆಯಲ್ಲೇ ಇರುತ್ತದೆ. ಜನವರಿಯಲ್ಲಿ ಹಳೆ ಎಲೆ ಇನ್ನೂ ಕೊಂಬೆಯಲ್ಲಿರುವಾಗಲೇ ಮೊಗ್ಗು ಒಡೆಯಿತು. ಹೀಗೆ ನಿದ್ದೆಗೆಟ್ಟು ಎಷ್ಟು ವರ್ಷ ತಡೆದೀತು?

ಆದರೆ ಇದು ನನ್ನ ತಮ್ಮ ಡಾರ್ಜಿಲಿಂಗ್ ಕಡೆಯ ಬೆಟ್ಟದೂರು ಕಾಲಿಂಪಾಂಗ್‌ನಿಂದ ರಜೆಗೆ ಬರುವಾಗ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಗಿಡ. ಆಗ ಪೆನ್ಸಿಲ್‌ನಷ್ಟು ದಪ್ಪ ಇತ್ತು. ಈಗ ನನ್ನ ಕಿರುಬೆರಳಿಗಿಂತ ತುಸು ಹೆಚ್ಚು.

ಈ ತಿಂಗಳು ಬರುತ್ತೇನೆ ಅಂದಿದ್ದ. ಶುಕ್ರವಾರ ಎಸ್‌ಎಸ್‌ಎಲ್‌ಸಿ ರಿಸಲ್ಟು, ಮಕ್ಕಳ ಫೋನುಗಳ ನಡುವೆ ಅವನದೂ ಬಂತು. ರಜೆ ರದ್ದಾಗಿದೆ ಅಂದ. “ಗಿಡ ಹೆಂಗೈತಿ ಅಕ್ಕಾ?” ಅಂದ. ಚಲೋ ಐತಿ ಅಂದೆ. ಅವ್ವನಿಗೆ ಇನ್ನೂ ಹೇಳಿಲ್ಲ.

ಕಾಕಾನೇ ದಾರಿ ತೋರಿಸಿದರು. ಅವರು ನವಲೂರಿನವರು, ಪೇರಲದ ಗೂಟಿ ಕಟ್ಟುವ ಕೈ, ಅಂದರೆ ಟೊಂಗೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವವರು. “ಗಂಟಿನ ಮ್ಯಾಲ ಗೂಟಿ ಕಟ್ರಿ. ಕೆಂಪಂದು ಬ್ಯಾರೆ ಆಗ್ತೈತಿ, ಹಸರಂದು ಬ್ಯಾರೆ.” ಇಷ್ಟು ದಿನ ಇದು ನನ್ನ ತಲೆಗೆ ಹೋಗಿರಲೇ ಇಲ್ಲ. ತೊಗಟೆಯನ್ನು ಉಂಗುರದಂತೆ ಸುಲಿದು, ಒಳಗಿನ ಹಸಿರು ಪದರ ಕೆರೆದು, ಹಸಿ ಪಾಚಿ ಇಟ್ಟು ಪ್ಲಾಸ್ಟಿಕ್ ಸುತ್ತಿ ಸುತಳಿ ಕಟ್ಟುವುದು. ನೀರು ಒಳಗಿನ ಕಟ್ಟಿಗೆಯಲ್ಲಿ ಮೇಲೇರುತ್ತಲೇ ಇರುತ್ತದೆ, ಎಲೆ ಬಾಡುವುದಿಲ್ಲ. ಎಲೆ ಮಾಡಿದ ಆಹಾರ ಮಾತ್ರ ಕೆಳಗಿಳಿಯಲು ಹಾದಿ ಸಿಗದೆ ಉಂಗುರದ ಮೇಲಂಚಿನಲ್ಲಿ ನಿಲ್ಲುತ್ತದೆ, ಅಲ್ಲಿಂದ ಬೇರು. ಮೇಪಲ್‌ಗೆ ಎರಡು ಮೂರು ತಿಂಗಳು ಬೇಕು. ಬೇರು ಸುತ್ತಲೂ ಸಮನಾಗಿ ಒಡೆದರೆ, ಬೋನ್ಸಾಯ್‌ನಲ್ಲಿ ಕಣ್ಣು ಮೊದಲು ಹೋಗುವ ಆ ಬುಡದ ಹರವು ತಾನಾಗಿ ಬಂದಂತೆ. ಆ ಕೆಟ್ಟ ಗಂಟೂ ಕೆಳಗಿನ ಗಿಡದ ಪಾಲಿಗೆ ಹೋಗುತ್ತದೆ.

“ಈಗ ಬ್ಯಾಡ್ರಿ ಮತ್ತ. ಈ ಝಳಕ್ಕ ಪಾಚಿ ಒಣಗ್ತೈತಿ. ಮಿರಗ ಬರ್ಲಿ.” ಮಿರಗ ಅಂದರೆ ಮೃಗಶಿರಾ ಮಳೆ.

ಸಂಜೆ ಕರೆಂಟು ಹೋಗಿತ್ತು. ಮೋಡ ಕಟ್ಟಿತ್ತು, ನಾಲ್ಕು ಹನಿ ಬಿದ್ದು ಸುಮ್ಮನಾಯಿತು. ಬ್ಯಾಟರಿ ಹಿಡಿದು ಹೋಗಿ ಗಂಟನ್ನು ಮತ್ತೆ ಮುಟ್ಟಿ ನೋಡಿದೆ. ಎರಡು ವರ್ಷ ದಿನಾ ನೀರು ಹಾಕಿದ ಗಿಡದಲ್ಲಿ ನನ್ನ ಬೆರಳಿಗೆ ಇದು ಸಿಕ್ಕಿರಲಿಲ್ಲವಲ್ಲ ಅಂತ ಬಹಳ ಬೇಜಾರಾಯಿತು.

ಮಿರಗಕ್ಕೆ ಇನ್ನೂ ಐದು ವಾರ. ಅಲ್ಲಿಯತನಕ ಹಸಿರು ಚಿಗುರನ್ನು ಹಾಗೇ ಬಿಟ್ಟರೆ ಬೇರಿನ ಶಕ್ತಿಯನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ, ಮೊದಲೇ ಸುಟ್ಟ ಕೆಂಪು ಕೊಂಬೆ ಸೊರಗುತ್ತದೆ. ತೆಗೆದುಬಿಟ್ಟರೆ, ಮುಂದೆ ಗೂಟಿ ಬೇರ್ಪಡಿಸಿದ ಮೇಲೆ ಕೆಳಗಿನ ಮೋಟಿನಲ್ಲಿ ಒಂದು ಎಲೆಯೂ ಇರುವುದಿಲ್ಲ, ಮತ್ತೆ ಚಿಗುರುತ್ತದೆ ಅಂತ ಯಾರು ಹೇಳಬೇಕು. ತುದಿ ಚಿವುಟಿ ಎರಡೇ ಎಲೆ ಇಟ್ಟರೆ? ಎಲೆ ಜೋಡಿಯಾಗೇ ಬರುತ್ತವೆ, ಒಂದು ಜೋಡಿ ಸಾಕಾದೀತು. ನಾಳೆ ಮುಂಜಾನೆ, ಬಿಸಿಲು ಏರುವ ಮೊದಲು, ಕತ್ತರಿ ಬಿಸಿನೀರಲ್ಲಿ ತೊಳೆದು ಅಷ್ಟು ಮಾಡಬೇಕು.